ಪುಣ್ಯದ ಕೆಲಸವಲ್ಲ, ಸಂಬಳದ ಕೆಲಸ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರಿಗೆ ಹಗಲು ಕೇಂದ್ರವೊಂದರಲ್ಲಿ ತರಬೇತಿ ಕೊಡುವುದು ನನ್ನ ಕೆಲಸ. ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೋದಾಗಲೆಲ್ಲ ಬಂಧುಗಳು 'ಪುಣ್ಯದ ಕೆಲಸ' ಎನ್ನುತ್ತಾರೆ. ನನಗೆ ಇರುಸುಮುರುಸು. ನಾನು ಸಂಬಳಕ್ಕೆ ದುಡಿಯುವವನು. ಅದೂ ಸಿಲಿಕಾನ್ ಕಣಿವೆಯ ಮಗ್ಗುಲಲ್ಲಿ, ಮನೆ ಬಾಡಿಗೆಗೇ ತಿಣುಕಾಡಿಸುವ ಸಂಬಳಕ್ಕೆ.

ಇಲ್ಲಿ ಈ ತರಬೇತಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಲ್ಯಾಂಟರ್‌ಮನ್ ಕಾಯ್ದೆ 1969ರಿಂದ ಇದೆ. ಅದರ ಪ್ರಕಾರ, ಅರ್ಹರಿಗೆ ಜೀವನಪೂರ್ತಿ ನೆರವು ಪಡೆಯುವ ಹಕ್ಕಿದೆ. ಅದನ್ನು ಒದಗಿಸಲು ರಾಜ್ಯದಲ್ಲಿ 21 ಪ್ರಾದೇಶಿಕ ಕೇಂದ್ರಗಳಿವೆ. 22ರ ವಯಸ್ಸಿಗೆ ಶಾಲೆ ಮುಗಿಯುತ್ತಿದ್ದಂತೆ ಹಗಲು ಕೇಂದ್ರದ ಬಾಗಿಲು ತೆರೆಯುತ್ತದೆ. ಏನು ಕಲಿಯಬೇಕು, ಎಲ್ಲಿ ಇರಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಆ ವ್ಯಕ್ತಿಯೂ ಕೂರುತ್ತಾನೆ. ಮಾತು ಬಾರದವನಾದರೆ ಚಿತ್ರ ತೋರಿಸಿ ಕೇಳುತ್ತೇವೆ.

ಕೆಲಸದ ಬಹುಪಾಲು ಕಾಯುವುದು. ಕಾಫಿ ಅಂಗಡಿಯಲ್ಲಿ ನಾಲ್ಕು ಡಾಲರ್ 35 ಸೆಂಟ್ ಎಂದರೆ ಸೆಂಟುಗಳ ಗೊಡವೆಗೆ ಹೋಗದೆ, ನಾಲ್ಕು ಒಂದು ಡಾಲರ್ ನೋಟುಗಳ ಮೇಲೆ ಇನ್ನೊಂದು ನೋಟು ಇಡುವುದನ್ನು ಕಲಿಸುತ್ತೇವೆ. ಕಲಿಯುವವನು ನೋಟುಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಸವರಿ ಇಡುತ್ತಾನೆ. ನಾಲ್ಕಕ್ಕೆ ನಿಲ್ಲುತ್ತಾನೆ. ಹಿಂದಿನ ಸಾಲು ಬೆಳೆಯುತ್ತದೆ. ಆಗ ನಾನು ಸುಮ್ಮನಿರಬೇಕು. ಆಗಲಿಲ್ಲವೆಂದರೆ ಮೊದಲು ಬೆರಳಿನ ಸನ್ನೆ, ಆಮೇಲೆ ಮಾತು, ತೀರಾ ಕೊನೆಗೆ ಅವನ ಕೈ ಹಿಡಿಯುವುದು. ಎಲ್ಲಿಯವರೆಗೆ ಹೋಗಬೇಕಾಯಿತು ಎಂದು ಹಾಳೆಯಲ್ಲಿ ಗುರುತು ಹಾಕುತ್ತೇನೆ. (ಆ ಹಾಳೆಗಳ ಕಾಟದ ಬಗ್ಗೆ ಬೇರೆಯದೇ ಲೇಖನ ಬರೆಯಬಹುದು.)

ಸಾಗರದ ಅತ್ತೆಯ ಮನೆಯಲ್ಲಿ ಕಾಯುವವರಿಲ್ಲ. ಅವರ ಮಗನೂ ಇಂಥವನೇ. ಅವನಿಗೆ ನಲವತ್ತು ದಾಟಿದೆ, ಕೈಗಳಿಗೆ ಏನೂ ಆಗಿಲ್ಲ. ಆದರೂ ಅತ್ತೆ ಅನ್ನ ಕಲಸಿ ಬಾಯಿಗಿಡುತ್ತಾರೆ. "ಅವನೇ ಕಲಸಿಕೊಳ್ಳಲಿ ಬಿಡಿ ಅತ್ತೆ" ಎಂದರೆ, "ನಾನಿರುವಷ್ಟು ದಿನ ನಾನೇ ಮಾಡುತ್ತೇನೆ, ಸುಮ್ಮನಿರೋ" ಎನ್ನುತ್ತಾರೆ. ಅವರಿಗೀಗ ಮಂಡಿನೋವು, ಸಕ್ಕರೆ ಕಾಯಿಲೆ. ಅವರ ನಂತರದ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ತಪ್ಪು ಅತ್ತೆಯದೊಂದೇ ಅಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 18ರ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಸಮಿತಿ ಇಂಥವರಿಗೆ ಪಾಲಕರನ್ನು ನೇಮಿಸುತ್ತದೆ. ಅದೇ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆಯೂ ಇದೆ. ಆದರೆ ಶಾಲೆ ಮುಗಿದವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಯಾವುದಾದರೂ ಸಂಸ್ಥೆ ಮುಂದೆ ಬಂದರೆ ಉಂಟು, ಇಲ್ಲವಾದರೆ ಮನೆಯ ಜಗಲಿ.

ಹಾಗೆಂದು ಅಮೆರಿಕವನ್ನು ಹೊಗಳಿ ಅಟ್ಟಕ್ಕೇರಿಸುವವನು ನಾನಲ್ಲ. ಸಂಬಳ ಕಡಿಮೆಯಾದ್ದರಿಂದ ತರಬೇತುದಾರರು ನಿಲ್ಲುವುದಿಲ್ಲ. ಹೆಸರು ಕಲಿತು ನೆಚ್ಚಿಕೊಳ್ಳುವಷ್ಟರಲ್ಲಿ ಬೇರೆ ಮುಖ ಬಂದಿರುತ್ತದೆ. 1938ರ ಕಾನೂನೊಂದರ ಬಲದಿಂದ ಇಂಥವರನ್ನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದನ್ನು ಕ್ಯಾಲಿಫೋರ್ನಿಯಾ ಪೂರ್ತಿ ನಿಲ್ಲಿಸಿದ್ದು 2025ರಲ್ಲಿ. ನಾಚಿಕೆಗೇಡು. ಎಲ್ಲಕ್ಕಿಂತ ನೋಯಿಸುವುದು ಇನ್ನೊಂದು: ನನ್ನ ಗುಂಪಿನ ಕೆಲವರೊಡನೆ ಸಂಬಳ ಪಡೆಯದೆ ಮಾತನಾಡುವವರು ಯಾರೂ ಇಲ್ಲ.

ಅತ್ತೆಯ ಮಗನಿಗೆ ಆ ಬಡತನವಿಲ್ಲ. ಹೋಟೆಲಿನವನಿಗೆ ಅವನ ಕಾಫಿಗೆ ಎಷ್ಟು ಸಕ್ಕರೆ ಎಂದು ಗೊತ್ತು. ದಾರಿ ತಪ್ಪಿ ಬಸ್ಸು ಹತ್ತಿದರೆ ಕಂಡಕ್ಟರ್ ಕೂರಿಸಿಕೊಂಡು ವಾಪಸು ತಂದುಬಿಡುತ್ತಾನೆ. ಜನರ ನಡುವೆ ಬದುಕಲು ಅವಕಾಶವಿರಬೇಕು ಎಂದು ಅಮೆರಿಕದ ಕೇಂದ್ರ ಸರ್ಕಾರ 2014ರಲ್ಲಿ ನಿಯಮವನ್ನೇ ತಂದಿತು. ಅದಕ್ಕಾಗಿಯೇ ನಾವು ಇವರನ್ನು ಗ್ರಂಥಾಲಯ, ಮಾರುಕಟ್ಟೆ ಎಂದು ಸುತ್ತಿಸುತ್ತೇವೆ. ಗ್ರಂಥಾಲಯದಲ್ಲಿ ಜನರೇನೋ ಇರುತ್ತಾರೆ, ಪರಿಚಯದವರಿರುವುದಿಲ್ಲ.

ಆದರೂ ಒಂದನ್ನು ಆರಿಸು ಎಂದರೆ ನಾನು ಹಕ್ಕನ್ನೇ ಆರಿಸುತ್ತೇನೆ. ಹೋಟೆಲಿನವನ ಅಕ್ಕರೆ ಅತ್ತೆಯ ಮುಖ ನೋಡಿ ಹುಟ್ಟಿದ್ದು. ಅತ್ತೆ ಇಲ್ಲದ ದಿನ, ಹೋಟೆಲು ಬೇರೆಯವರ ಕೈಗೆ ಹೋದ ದಿನ, ಅದನ್ನು ಯಾರ ಬಳಿ ಕೇಳುವುದು? ಗುರುತು ಹಿಡಿದು ಮಾತನಾಡಿಸುವ ಬೀದಿ ಹೇಗೂ ನಮ್ಮಲ್ಲಿರುವುದರಿಂದ, ಹಕ್ಕನ್ನು ಜಾರಿಗೆ ತರಲು ನಮಗೆ ಇಲ್ಲಿಯಷ್ಟು ಹಣ ಬೇಕಾಗಲಾರದು. ತಾಲ್ಲೂಕಿಗೊಂದು ಕೇಂದ್ರ, ತಿಂಗಳಿಗೆ ಸರಿಯಾಗಿ ಸಂಬಳ ಸಿಗುವ ನಾಲ್ಕು ಮಂದಿ ತರಬೇತುದಾರರು ಸಾಕು. ಆದರೆ ಕೇಂದ್ರವನ್ನು ಊರಾಚೆಯ ಗೋಮಾಳದಲ್ಲಿ ಕಟ್ಟಬಾರದು. ಬಸ್ ನಿಲ್ದಾಣದ ಪಕ್ಕದಲ್ಲಿ, ಹೋಟೆಲು ಮತ್ತು ಸಂತೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು.