ನೊಗಕ್ಕೊಂದು ಮೆತ್ತೆ

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ ನನ್ನ ಮನೆಯಿಂದ ಒಂದು ಗಂಟೆಯ ದಾರಿ. ಏಪ್ರಿಲ್ ಬಂತೆಂದರೆ ಅಲ್ಲಿನ ಆಮಿಶ್ ಎಂಬ ಕ್ರೈಸ್ತ ಪಂಗಡದ ರೈತರು ಉಳುವುದನ್ನು ನೋಡಲು ಹೋಗುತ್ತೇನೆ. ನಾಲ್ಕೋ ಐದೋ ಹೇಸರಗತ್ತೆ, ಹಿಂದೆ ಉಕ್ಕಿನ ನೇಗಿಲು, ಅದರ ಮೇಲೊಂದು ಆಸನ, ಕೂತು ಹೊಡೆಯುವವನು ಒಬ್ಬನೇ. ತುಮಕೂರು ಕಡೆಯ ನಮ್ಮ ಹೊಲದಲ್ಲಿ ಮೇಳಿ ಒತ್ತಿಕೊಂಡು ದಿನವಿಡೀ ನಡೆಯುತ್ತಿದ್ದ ಅಪ್ಪ ಆಗ ಕಣ್ಣಿಗೆ ಬರುತ್ತಾರೆ.

ಅಲ್ಲಿನ ಆಮಿಶರ ಧರ್ಮದ ಕಟ್ಟುಪಾಡು ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಲು ಬಿಡುವುದಿಲ್ಲ. ಹಾಗಂತ ಅವರು ಹಳೆಯ ಉಪಕರಣದಲ್ಲೇ ನಿಂತಿಲ್ಲ. ಹುಲ್ಲಿನ ಪೆಂಡಿ ಕಟ್ಟುವ ಯಂತ್ರಕ್ಕೆ ಎಂಜಿನ್ ಕೂರಿಸಿ, ಎಳೆಯಲು ಹೇಸರಗತ್ತೆ ಹೂಡುತ್ತಾರೆ. ಹೊಸ ನೇಗಿಲನ್ನು ತಮ್ಮವರ ಕಾರ್ಯಾಗಾರಗಳಲ್ಲೇ ಮಾಡಿಸುತ್ತಾರೆ. ಒಂದೊಂದು ಪ್ರಾಣಿಗೂ ಅದರ ಅಳತೆಯ ಮೆತ್ತನೆಯ ಕೊರಳಪಟ್ಟಿ. ಎಳೆತದ ಭಾರ ಎರಡೂ ಭುಜಕ್ಕೆ ಹರಡುತ್ತದೆ. ನಮ್ಮ ನೊಗ ಹೆಗಲಿನ ಒಂದೇ ಜಾಗವನ್ನು ಒತ್ತಿ, ಉಜ್ಜಿ, ಗಾಯ ಮಾಡುತ್ತದೆ. ಆ ಗಾಯಕ್ಕೆ ಅಪ್ಪ ಅರಿಶಿನ, ಬೇವಿನೆಣ್ಣೆ ಹಚ್ಚುತ್ತಿದ್ದರು. ನೊಗಕ್ಕೊಂದು ಮೆತ್ತೆ ಹೊಲಿಸೋಣವೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಉಪಕರಣವನ್ನು ಇದ್ದಲ್ಲೇ ಬಿಟ್ಟು ಎತ್ತು ನಿಧಾನ ಎಂದುಬಿಟ್ಟೆವು.

ಅವರ ನೇಗಿಲನ್ನೇ ತಂದು ಹೂಡಿ ಎನ್ನುತ್ತಿಲ್ಲ. ಅದು ಮಣ್ಣನ್ನು ಮಗುಚಿ ಹಾಕುತ್ತದೆ. ಮಳೆ ಕಡಿಮೆಯಿರುವ ನಮ್ಮ ಕೆಂಪು ನೆಲವನ್ನು ಹಾಗೆ ಮಗುಚಿದರೆ ಇರುವ ತೇವವೂ ಆರುತ್ತದೆ. ಮಣ್ಣು ಸೀಳಿಕೊಂಡು ಹೋಗುವ ನಮ್ಮ ಮರದ ನೇಗಿಲೇ ಅಲ್ಲಿಗೆ ಸರಿ. ರಾಗಿ ಗೇಣುದ್ದ ಬಂದಾಗ ಸಾಲಿನ ನಡುವೆ ಎಡೆಕುಂಟೆ ಹೊಡೆಯಲು ಎತ್ತಿನಷ್ಟು ಹಗುರವಾಗಿ ಟ್ರ್ಯಾಕ್ಟರ್ ನಡೆಯಲಾರದು. ಎರಡೆಕರೆಯವನಿಗೆ ಇನ್ನೊಂದು ಸಂಕಟ: ಹದ ಊರಿಗೆಲ್ಲ ಒಂದೇ ದಿನ ಬರುತ್ತದೆ, ಬಾಡಿಗೆ ಟ್ರ್ಯಾಕ್ಟರ್ ಮೊದಲು ದೊಡ್ಡ ಹೊಲಕ್ಕೆ ಹೋಗುತ್ತದೆ. ಇವನ ಸರದಿ ಬರುವಷ್ಟರಲ್ಲಿ ನೆಲ ಬಿಗಿದಿರುತ್ತದೆ.

ಕೆಲವೇ ವಾರಗಳ ಬೇಸಾಯಕ್ಕೆ ವರ್ಷವಿಡೀ ಜೋಡಿ ಎತ್ತು ಮೇಯಿಸುವುದು ಒಬ್ಬನಿಗೆ ಹೊರೆ, ಒಪ್ಪುತ್ತೇನೆ. ಮೂರ್ನಾಲ್ಕು ಮನೆಯವರು ಸೇರಿ ಒಂದು ಜೋಡಿ ಹಳ್ಳಿಕಾರ್ ತಳಿಯ ಎತ್ತು ಇಟ್ಟುಕೊಳ್ಳಬಹುದಲ್ಲ? ಮುಯ್ಯಾಳು ಕಟ್ಟಿ ನಾಟಿ, ಕೊಯ್ಲು ಮಾಡಿದವರೇ ನಾವು. ನನಗೆ ಹೆಚ್ಚು ಭಯವಿರುವುದು ಕುಲುಮೆಯ ಬಗ್ಗೆ. ಎತ್ತನ್ನು ಜಾತ್ರೆಯಲ್ಲಿ ಕೊಂಡು ತರಬಹುದು. ನೇಗಿಲಿನ ಕುಳ ತಟ್ಟುವ ಕೈ, ನೊಗ ಕೆತ್ತುವ ಕೈ ಅಲ್ಲಿ ಸಿಗುವುದಿಲ್ಲ. ಟ್ರ್ಯಾಕ್ಟರಿಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲು ಆ ಕೈಗಳಿಗೂ ಹೋಗಲಿ.

ಕಳೆದ ಸಲ ಊರಿಗೆ ಹೋದಾಗ ನಮ್ಮಣ್ಣ ಕುಳ ತಟ್ಟಿಸಲು 15 ಕಿಲೋಮೀಟರ್ ದೂರದ ಸಂತೆಗೆ ಹೋಗಿದ್ದ. ಸಂಜೆ ಅವನು ಬರುವಷ್ಟರಲ್ಲಿ ಆ ದಿನದ ಹದ ಮುಗಿದಿತ್ತು.