ಹತ್ತು ವಾಟಿನ ಭಕ್ತಿ

ಗಿಟಾರಿಗೆ ಒಂದು ಆಂಪ್ಲಿಫೈಯರ್ ಬೇಕಾಗಿದೆ ಎಂದು ಕಾರವಾರದಲ್ಲಿ ಬಾಯಿ ಬಿಟ್ಟು ಹೇಳಬಾರದು. ಹೇಳಿದಿರೋ, ನೀವು ಮೀನು ಪೇಟೆಯಿಂದ ಮನೆ ತಲುಪುವಷ್ಟರಲ್ಲಿ ಅದು ಎಷ್ಟು ವಾಟಿನದಾಗಿರಬೇಕು ಎಂದು ಊರು ತೀರ್ಮಾನಿಸಿ ಆಗಿರುತ್ತದೆ. ನೌಕಾನೆಲೆಯಲ್ಲಿ ಕೆಲಸ ಮಾಡುವ ಗೆಳೆಯ ನೂರು ಎಂದ. ಮದುವೆ ಮನೆಗಳಿಗೆ ಮೈಕು ಬಾಡಿಗೆ ಕೊಡುವವರು ಐನೂರಕ್ಕಿಂತ ಕೆಳಗಿನದನ್ನು ಮುಟ್ಟಲೇಬೇಡಿ ಎಂದರು. ಜೀವಮಾನದಲ್ಲಿ ಗಿಟಾರ್ ಹಿಡಿಯದ ನನ್ನ ಮಾವ, "ಇಸ್ತ್ರಿಪೆಟ್ಟಿಗೆಗೇ ಸಾವಿರ ವಾಟ್ ಬೇಕು. ದೇವರ ಕೆಲಸಕ್ಕೆ ಎಷ್ಟು ಬೇಕಾಗಬಹುದು, ನೀವೇ ಯೋಚನೆ ಮಾಡಿ" ಎಂದು ಲೆಕ್ಕವನ್ನು ನನಗೇ ಬಿಟ್ಟರು.

ನನಗೆ ಬೇಕಾಗಿದ್ದದ್ದು ಎರಡು ಕೆಲಸಕ್ಕೆ ಒಂದೇ ಪೆಟ್ಟಿಗೆ. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಅಭ್ಯಾಸ, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಗಾಯನ ತಂಡದ ಜೊತೆ ಭಕ್ತಿಗೀತೆಗಳಿಗೆ ನುಡಿಸುವುದು. ಮನೆಯಲ್ಲಿ ಯಾರಿಗೂ ಕೇಳಿಸಬಾರದು, ಚರ್ಚಿನಲ್ಲಿ ಎಲ್ಲರಿಗೂ ಕೇಳಿಸಬೇಕು. ಚರ್ಚಿನಲ್ಲಿಯಾದರೂ ಎಲ್ಲರಿಗೂ ಕೇಳಿಸಬೇಕೇ ಎಂಬ ವಿಷಯದಲ್ಲಿ ನಮ್ಮ ತಂಡವನ್ನು ನಡೆಸುವ ಟೀಚರಿಗೆ ಬೇರೆ ಅಭಿಪ್ರಾಯವಿದೆ. ಗಿಟಾರ್ ಫೋಟೋದಲ್ಲಿ ಬಂದರೆ ಸಾಕು ಎಂಬುದು ಅವರ ನಿಲುವು.

ವಾಟ್ ಎಂಬುದು ಜನರನ್ನು ಮರುಳು ಮಾಡುವ ಅಳತೆ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ಅದು 'ಸ್ವಲ್ಪ ಜಾಸ್ತಿಯಾಯಿತೇನೋ' ಎನ್ನಿಸುವಷ್ಟು. ಎರಡು ಪಟ್ಟು ಜೋರು ಎನ್ನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. ಹಾಗಾಗಿ ನೂರು ವಾಟಿನ ಪೆಟ್ಟಿಗೆ ಹತ್ತು ವಾಟಿನದಕ್ಕಿಂತ ಹತ್ತು ಪಟ್ಟು ಅರಚುವುದಿಲ್ಲ, ಸುಮಾರು ಎರಡು ಪಟ್ಟು ಅರಚುತ್ತದೆ. ಬೆಲೆ ಮತ್ತು ಸೊಂಟನೋವು ಮಾತ್ರ ಇಂಥ ರಿಯಾಯಿತಿ ತೋರಿಸುವುದಿಲ್ಲ. ಗಿಟಾರ್ ಆಂಪಿನ ಒಳ್ಳೆಯ ಸ್ಪೀಕರು ಒಂದೇ ಒಂದು ವಾಟಿಗೆ, ಒಂದು ಮೀಟರ್ ದೂರದಲ್ಲಿ, 95ರಿಂದ 100 ಡೆಸಿಬೆಲ್ ಸದ್ದು ಹೊರಡಿಸುತ್ತದೆ. ಬಂಗುಡೆ ಸಾರಿಗೆ ಮಸಾಲೆ ರುಬ್ಬುವ ಮಿಕ್ಸರ್ ಅದರ ಮುಂದೆ ಸೌಮ್ಯ.

ನೂರು ವಾಟಿನ ಗಿಟಾರ್ ಆಂಪ್ ಹುಟ್ಟಿದ್ದು ನಮ್ಮದಲ್ಲದ ಒಂದು ಕಷ್ಟಕ್ಕೆ. 1965ರ ಸುಮಾರಿಗೆ ಇಂಗ್ಲೆಂಡಿನ 'ದಿ ಹೂ' ತಂಡದವರು ಇನ್ನೂ ಜೋರಾದದ್ದು ಬೇಕೆಂದು ಜಿಮ್ ಮಾರ್ಷಲ್ ಅವರ ಬೆನ್ನು ಹತ್ತಿದರು. ಆಗಿನ ಸಭಾಂಗಣಗಳ ಧ್ವನಿವರ್ಧಕ ಹಾಡುವವರ ದನಿಗೇ ಸಾಲುತ್ತಿರಲಿಲ್ಲ. ಗಿಟಾರಿನವನು ತನ್ನ ಪೆಟ್ಟಿಗೆಯೊಂದರಿಂದಲೇ ಸಭಾಂಗಣವನ್ನು ತುಂಬಿಸಬೇಕಿತ್ತು. ಎದುರಿಗೆ ಕಿರುಚುವ ಅಭಿಮಾನಿಗಳು ಬೇರೆ. ನಮ್ಮ ಬೆಳಗಿನ ಪೂಜೆಯಲ್ಲಿ ಕಿರುಚುವವರು ಜ್ಞಾನಸ್ನಾನಕ್ಕೆ ತಂದ ಕೂಸುಗಳು ಮಾತ್ರ. ಅವರೊಡನೆ ಪೈಪೋಟಿಗಿಳಿಯುವ ಉದ್ದೇಶ ನನಗಿರಲಿಲ್ಲ.

ಇಷ್ಟೆಲ್ಲ ವಿವರಿಸಿದರೂ ಊರು ಒಪ್ಪಲಿಲ್ಲ. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಭಾವ ಅಷ್ಟರಲ್ಲಿ ಅಮೆರಿಕದ ಯಾವುದೋ ಬಂದರಿನಲ್ಲಿ ಗಾಜಿನ ಬುರುಡೆಯಂಥ ವಾಲ್ವ್‌ಗಳಿಂದ ನಡೆಯುವ ಹಳೆಯ ಆಂಪ್ ಒಂದನ್ನು ಅಗ್ಗಕ್ಕೆ ಹಿಡಿದು, "ನಿನಗೇ ತಂದಿದ್ದೇನೆ" ಎಂದು ಗೋವೆಯಿಂದ ಫೋನು ಮಾಡಿದರು. ಹದಿನೈದು ವಾಟ್. ನಮ್ಮ ಅಜ್ಜನ ಮನೆಯಲ್ಲಿ ವಾಲ್ವ್ ರೇಡಿಯೊ ಇತ್ತು. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯೇರಿ ಮಾತಾಡುವಷ್ಟರಲ್ಲಿ ವಾರ್ತೆಯ ಮುಖ್ಯಾಂಶಗಳು ಮುಗಿದಿರುತ್ತಿದ್ದವು. ಅದೇ ತಂತ್ರವನ್ನು ಗಿಟಾರಿನವರು ಇಂದಿಗೂ ಬಿಟ್ಟಿಲ್ಲ, ಏಕೆಂದರೆ ವಾಲ್ವನ್ನು ಅದರ ಮಿತಿ ಮೀರಿ ದುಡಿಸಿದಾಗ ಸದ್ದು ಒಡೆದರೂ ಇಂಪಾಗಿ ಒಡೆಯುತ್ತದೆ.

ಗೋವೆಯಿಂದ ಕಾರವಾರಕ್ಕೆ ಪೆಟ್ಟಿಗೆ ತರುವವರಿಗೆ ಗಡಿಯಲ್ಲಿ ಒಂದು ಪರೀಕ್ಷೆ ಇರುತ್ತದೆ. ಆಚೆ ಮದ್ಯ ಅಗ್ಗ, ಈಚೆ ತುಟ್ಟಿ. ಹಾಗಾಗಿ ಪ್ರತಿಯೊಂದು ಚೀಲವೂ ಶಂಕಿತ. ತಪಾಸಣೆಯವರು ನಮ್ಮ ಪೆಟ್ಟಿಗೆಯನ್ನು ಒಮ್ಮೆ ಅಲುಗಾಡಿಸಿದರು. ಒಳಗೆ ಗಾಜಿನ ಸದ್ದಾಯಿತು. ಅವರ ಮುಖದಲ್ಲಿ ಕರ್ತವ್ಯದ ಕಳೆ ಮೂಡಿತು.

"ಒಳಗೆ ಏನು?"

"ಗಾಜಿನ ವಾಲ್ವ್‌ಗಳು, ಸರ್."

"ಎಷ್ಟು?"

"ಐದು."

"ತುಂಬಿದವೋ, ಖಾಲಿಯೋ?"

"ಪೂರ್ತಿ ಖಾಲಿ, ಸರ್. ಒಳಗಿನ ಗಾಳಿಯನ್ನೂ ತೆಗೆದಿದ್ದಾರೆ."

ಈ ಉತ್ತರ ವಿಜ್ಞಾನದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಭಾವ ಅದನ್ನು ಹೇಳಿದ ರೀತಿಯಿಂದಾಗಿ ನಾವು ಹಿಂದಿನ ಮುಚ್ಚಳದ ತಿರುಪುಗಳನ್ನೆಲ್ಲ ಬಿಚ್ಚಿ ತೋರಿಸಬೇಕಾಯಿತು. ನೋಡಿದವರು, "ಇಷ್ಟು ಸಣ್ಣವೇ?" ಎಂದು ಮರುಕದಿಂದ ನಮ್ಮನ್ನು ಬಿಟ್ಟುಬಿಟ್ಟರು.

ಪೆಟ್ಟಿಗೆಯ ಬೆನ್ನಿನ ಮೇಲೆ 120 ವೋಲ್ಟ್ ಎಂದು ಬರೆದಿತ್ತು. ನಮ್ಮ ಗೋಡೆಯಲ್ಲಿ ಬರುವುದು 230. ನಾನು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಭಾವ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಅವರು ಚಪ್ಪಟೆ ಪಿನ್ನು ಕತ್ತರಿಸಿ ನಮ್ಮ ದುಂಡು ಪಿನ್ನು ಜೋಡಿಸಿ, "ದುಬೈಯಿಂದ ಬಂದದ್ದೆಲ್ಲ ಹೀಗೇ ನಡೆಯುತ್ತದೆ" ಎಂದು ಸ್ವಿಚ್ ಒತ್ತಿದರು. ದುಬೈಯಲ್ಲಿಯೂ ನಮ್ಮಷ್ಟೇ ವೋಲ್ಟ್ ಇರುವುದರಿಂದ ಅಲ್ಲಿಯದು ನಡೆಯುತ್ತದೆ. ಅಮೆರಿಕದ್ದು ಒಂದು ಸಲ 'ಫಟ್' ಎನ್ನುತ್ತದೆ. ಪುಣ್ಯಕ್ಕೆ ಫ್ಯೂಸ್ ಪ್ರಾಣ ಕೊಟ್ಟು ಉಳಿದದ್ದನ್ನು ಕಾಪಾಡಿತು. ಆಮೇಲೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದೆವು. ಅದನ್ನು ಎತ್ತಲು ಇನ್ನೊಬ್ಬ ಭಾವ ಬೇಕಾಗಿತ್ತು.

ಹದಿನೈದು ವಾಟಿನ ವಾಲ್ವ್ ಆಂಪ್ ಡ್ರಮ್ಸ್ ಇರುವ ತಂಡದ ನಡುವೆಯೂ ಕೇಳಿಸಬಲ್ಲದು. ನಮ್ಮ ಪಡಸಾಲೆಯಲ್ಲಿ ಗುಂಡಿ ಎರಡರ ಗೆರೆ ಮುಟ್ಟಿದಾಗ ಷೋಕೇಸಿನೊಳಗಿನ ಕಪ್ಪು ಬಸಿಗಳು ತಾವಾಗಿ ತಾಳ ಹಾಕಿದವು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಬಂದು, ಕುಳಿತು, ಚಹಾ ಕುಡಿದು, ಮಳೆಯ ವಿಷಯ ಮಾತಾಡಿ, ಹೋಗುವಾಗ ಹೊಸ್ತಿಲಲ್ಲಿ ನಿಂತು, "ಹಾರ್ಮೋನಿಯಂ ಒಳ್ಳೆಯ ವಾದ್ಯ, ಅಲ್ಲವೇ?" ಎಂದರು. ನಮ್ಮ ಕಡೆ ಜಗಳವಾಡುವ ಪದ್ಧತಿ ಇದು. ಗುಂಡಿಯನ್ನು ಒಂದಕ್ಕಿಂತ ಕೆಳಗಿಟ್ಟರೆ ವಾಲ್ವಿನ ಇಂಪು ಹುಟ್ಟುವುದಿಲ್ಲ, ಬಿಸಿ ಮಾತ್ರ ಹುಟ್ಟುತ್ತದೆ. ಜೂನ್ ಬಂದಾಗ ನನ್ನ ಹೆಂಡತಿ ಆ ಬಿಸಿಗೆ ಒಂದು ಸದ್ಬಳಕೆ ಕಂಡುಹಿಡಿದಳು. ಕರಾವಳಿಯ ಮಳೆಗಾಲದಲ್ಲಿ ಶಾಲೆಯ ಕಾಲುಚೀಲ ಒಣಗುವುದು ಸಣ್ಣ ಮಾತಲ್ಲ. ವಾಲ್ವ್ ಆಂಪಿನ ಹಿಂಬದಿಯಲ್ಲಿ ಅದು ಎರಡು ಗಂಟೆಯ ಕೆಲಸ. ಅವಳು ಅದನ್ನು ಮಾರಲು ಇಂದಿಗೂ ಒಪ್ಪಿಲ್ಲ.

ಕಡೆಗೆ ಮಡಗಾಂವಿಗೆ ಹೋಗಿ ನನಗೆ ಬೇಕಾದದ್ದನ್ನು ನಾನೇ ನೋಡಿದೆ. ಸಂಗೀತ ವಾದ್ಯಗಳ ಅಂಗಡಿಗಳಲ್ಲೆಲ್ಲ ಒಬ್ಬ ತರುಣ ಇರುತ್ತಾನೆ, ಗಿರಾಕಿ ಕೇಳಿದ ಆಂಪಿಗೆ ತನ್ನ ಗಿಟಾರ್ ಸಿಕ್ಕಿಸಿ, ಮಿಂಚಿನ ವೇಗದಲ್ಲಿ ನುಡಿಸಿ, "ಹೇಗಿದೆ?" ಎನ್ನುತ್ತಾನೆ. ಅವನು ತೋರಿಸಿದ್ದು ತನ್ನ ಬೆರಳನ್ನು. ಆಂಪ್ ಹೇಗಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಚರ್ಚಿನಲ್ಲಿ ನುಡಿಸಲು ಎಂದು ನಾನು ಹೇಳಿದಾಗ ಆತ ಬಹಳ ಗೌರವದಿಂದ ತಲೆಯಾಡಿಸಿ ಅದನ್ನೇ ಕೊಂಚ ನಿಧಾನವಾಗಿ ನುಡಿಸಿದ.

ನನ್ನದು ಮರದ ಅಕೂಸ್ಟಿಕ್ ಗಿಟಾರ್, ತಂತಿಯ ಬುಡದಲ್ಲಿ, ಅದರ ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಪಿಕಪ್ ಇರುವಂಥದ್ದು. ಇದನ್ನು ಎಲೆಕ್ಟ್ರಿಕ್ ಗಿಟಾರಿನ ಆಂಪಿಗೆ ಕೊಟ್ಟರೆ ಮರದ ದನಿ ಹೋಗಿ ಡಬ್ಬದ ದನಿ ಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಮಾಡಿದ ಸ್ಪೀಕರು ಐದು ಸಾವಿರ ಹರ್ಟ್ಸ್ ದಾಟುತ್ತಲೇ ಬಾಯಿ ಮುಚ್ಚುತ್ತದೆ. ತಂತಿಯ ಮೇಲಿನ ಮಿನುಗೆಲ್ಲ ಇರುವುದು ಅದರಾಚೆಗೆ. ಅಕೂಸ್ಟಿಕ್ ಆಂಪಿನಲ್ಲಿ ಆ ಮಿನುಗಿಗೆಂದೇ ಟ್ವೀಟರ್ ಎಂಬ ಸಣ್ಣ ಸ್ಪೀಕರು ಒಂದಿರುತ್ತದೆ. ನಾನು ಕೊಂಡದ್ದು ಅಂಥ ಹತ್ತು ವಾಟಿನದು. ರಾತ್ರಿಗೆ ಹೆಡ್‌ಫೋನ್ ಕಿಂಡಿ, ಭಾನುವಾರಕ್ಕೆ ಲೈನ್ ಔಟ್ ಕಿಂಡಿ. ಚರ್ಚಿಗೆ ತನ್ನದೇ ಧ್ವನಿವರ್ಧಕಗಳಿವೆ. ಈ ಕಿಂಡಿಯಿಂದ ಅಲ್ಲಿಗೆ ಒಂದು ವೈರು ಎಳೆದರೆ ಜನರಿಗೆ ಕೇಳಿಸುವ ಹೊಣೆ ಅವುಗಳದು, ನನಗೆ ನಾನು ಕೇಳಿಸುವ ಹೊಣೆ ಮಾತ್ರ ಪೆಟ್ಟಿಗೆಯದು. ಸಾಲದ್ದಕ್ಕೆ ಆರು ಪೆನ್ಸಿಲ್ ಸೆಲ್ಲಿನಲ್ಲಿಯೂ ನಡೆಯುತ್ತದೆ. ಒಂದೇ ಕೈಯಲ್ಲಿ ಹಿಡಿದುಕೊಂಡು ಗಾಯನ ತಂಡದ ಮಹಡಿಯ ಇಕ್ಕಟ್ಟಿನ ಮರದ ಮೆಟ್ಟಿಲು ಹತ್ತಬಹುದು. ಆಂಪ್ ಕೊಳ್ಳುವವರು ಮಿಕ್ಕಿದ್ದೆಲ್ಲ ಮರೆತರೂ ಆ ಮೆಟ್ಟಿಲನ್ನು ಮರೆಯಬಾರದು.

ಮಹಡಿಯಲ್ಲಿ ಮೊದಲು ಎದುರಾದವರು ಹಾರ್ಮೋನಿಯಂ ನುಡಿಸುವ ಹಿರಿಯರು. "1963ರಲ್ಲಿ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಸಂವಿಧಾನದಲ್ಲಿ ಪೈಪ್ ಆರ್ಗನ್‌ಗೆ ಹಿರಿಮೆ ಕೊಟ್ಟಿದ್ದಾರೆ, ಗೊತ್ತೇ?" ಎಂದರು. ಗೊತ್ತಿತ್ತು. ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆಯಿದ್ದರೆ ಬೇರೆ ವಾದ್ಯಗಳೂ ಆಗಬಹುದು ಎಂದು ಅಲ್ಲಿಯೇ ಮುಂದೆ ಬರೆದಿದೆ ಎಂದೆ.

"ಅಲ್ಲಿ ಗಿಟಾರ್ ಎಂಬ ಹೆಸರಿಲ್ಲ."

"ಹಾರ್ಮೋನಿಯಂ ಎಂಬುದೂ ಇಲ್ಲ, ಮಾವ."

ಅವರು ತಿದಿ ಒತ್ತಿ ಶ್ರುತಿ ಹಿಡಿದರು. ಮಾತು ಅಲ್ಲಿಗೆ ನಿಂತಿತು.

ಶನಿವಾರ ಸಂಜೆಯ ಅಭ್ಯಾಸದಲ್ಲಿ ಚರ್ಚು ಖಾಲಿ. ಕಲ್ಲಿನ ಗೋಡೆ, ಎತ್ತರದ ಮಾಡು. ಒಂದು ತಂತಿ ಮೀಟಿದರೆ ಅದು ಸುತ್ತು ಹಾಕಿ ಮರಳಿ ಬರುವವರೆಗೆ ಇನ್ನೊಂದನ್ನು ಮೀಟಬೇಕಾಗಿಲ್ಲ. ಟೀಚರ್ ಕಿವಿ ಮುಚ್ಚಿಕೊಂಡು, "ಇಳಿಸಿ, ಇಳಿಸಿ" ಎಂದರು. ಇಳಿಸಿದೆ. ಭಾನುವಾರ ಬೆಂಚುಗಳು ತುಂಬಿದವು. ಮನುಷ್ಯನ ಮೈ ಮತ್ತು ಬಟ್ಟೆ ಸದ್ದನ್ನು ಚೆನ್ನಾಗಿ ನುಂಗುತ್ತವೆ. ತುಂಬಿದ ಚರ್ಚಿನಲ್ಲಿ ಶನಿವಾರದ ಸದ್ದು ಮಾಯ. ಪ್ರವೇಶ ಗೀತೆಯಲ್ಲಿ ನನ್ನ ಬೆರಳುಗಳು ಓಡಾಡುತ್ತಿರುವುದು ನನಗೇ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಟೀಚರ್ ಅಂದು ತುಂಬಾ ಪ್ರಸನ್ನರಾಗಿದ್ದರು. ಇದಕ್ಕೆ ಸುಲಭದ ಪರಿಹಾರವಿದೆ: ಪೆಟ್ಟಿಗೆಯನ್ನು ನೆಲದ ಮೇಲಿಟ್ಟರೆ ಅದು ಮೊಣಕಾಲಿಗೆ ಹಾಡುತ್ತದೆ, ಹಿಂದಕ್ಕೆ ವಾಲಿಸಿದರೆ ಕಿವಿಗೆ ಹಾಡುತ್ತದೆ. ಗೀತೆಗಳ ಹಳೆಯ ದಪ್ಪ ಪುಸ್ತಕ ಎರಡನ್ನು ಮುಂದಿನ ಅಂಚಿಗೆ ಕೊಟ್ಟು ವಾಲಿಸಿದೆ. ಅವುಗಳಲ್ಲಿ ಒಂದು ಟೀಚರದ್ದು ಎಂದು ಕಾಣಿಕೆ ಗೀತೆಯ ಹೊತ್ತಿಗೆ ತಿಳಿಯಿತು.

ಗುಂಯ್‌ಗುಡುವಿಕೆಯದು ಬೇರೆ ಕಥೆ. ಮಹಡಿಯ ಹಳೆಯ ಪ್ಲಗ್ಗಿಗೆ ಅರ್ತಿಂಗ್ ಇರಲಿಲ್ಲ. ನಾನು ತಂತಿಯ ಮೇಲೆ ಕೈಯಿಟ್ಟಿರುವಷ್ಟು ಹೊತ್ತು ಆಂಪ್ ಸುಮ್ಮನಿರುತ್ತಿತ್ತು, ಕೈ ತೆಗೆದೊಡನೆ 'ಗುಂಯ್' ಎನ್ನುತ್ತಿತ್ತು. ಹಾಗಾಗಿ ಎಲ್ಲರೂ ಕೈ ಜೋಡಿಸಿದಾಗ ನಾನೊಬ್ಬ ಗಿಟಾರನ್ನು ತಬ್ಬಿಕೊಂಡು ತಲೆ ತಗ್ಗಿಸಿ ಕುಳಿತಿರುತ್ತಿದ್ದೆ. ಕೆಳಗಿನಿಂದ ನೋಡಿದ ಅಜ್ಜಿಯೊಬ್ಬರು ಈ ಏಕಾಗ್ರತೆಯನ್ನು ಇಡೀ ವಾಡೆಯಲ್ಲಿ ಹೊಗಳಿದ್ದಾರೆ. ಅರ್ತಿಂಗ್ ಇಲ್ಲದ ಕಡೆ ತಂತಿ ಹಿಡಿದು ಕೂರುವುದು ಭಕ್ತಿಗಿಂತ ಬೇಗ ದೇವರ ಬಳಿ ಕರೆದೊಯ್ಯಬಹುದಾದ್ದರಿಂದ ಫಾದರ್ ವೈರಿಂಗ್ ಸರಿ ಮಾಡಿಸಿದರು. ಏಕಾಗ್ರತೆ ಅಂದಿಗೇ ಹೋಯಿತು.

ಉಳಿದದ್ದು ಮೊಬೈಲ್ ಕಾಟ. ಹಳೆಯ 2ಜಿ ಫೋನು ವೈರಿನ ಹತ್ತಿರವಿದ್ದರೆ, ಕರೆ ಬರುವ ಮುನ್ನವೇ ಆಂಪ್ 'ಟರ್ರ್ ಟಿಕ್ ಟಿಕ್' ಎಂದು ಸುದ್ದಿ ಕೊಡುತ್ತದೆ. ಪ್ರಬೋಧನೆಯ ನಡುವೆ ಹಾಗೊಮ್ಮೆ ಆದಾಗ ಮಹಡಿಯವರೆಲ್ಲ ಗಂಡು ದನಿಗಳ ಸಾಲಿನ ಕೊನೆಯವರತ್ತ ತಿರುಗಿದರು. ಎರಡು ಕ್ಷಣದ ಮೇಲೆ ಅವರ ಕಿಸೆ ಹಾಡಿತು. ಮೊಬೈಲ್ ಬಂದ್ ಮಾಡಿ ಎಂಬ ಫಲಕದಿಂದ ಆಗದ ಕೆಲಸ ಆಂಪಿನಿಂದ ಆಯಿತು.

ಡಿಸೆಂಬರಿನಲ್ಲಿ ಕ್ಯಾರಲ್ ಹಾಡುತ್ತ ಕೋಡಿಬಾಗದ ಮನೆ ಮನೆ ತಿರುಗುವಾಗ ಪೆಟ್ಟಿಗೆ ಸೆಲ್ಲಿನ ಮೇಲೆ ನಡೆಯಿತು, ನಡುದಾರಿಯಲ್ಲಿ ಸತ್ತಿತು. ಅಂಗಡಿಗಳು ಮುಚ್ಚಿದ್ದವು. ಟೀಚರ್ ಎದೆಗುಂದುವವರಲ್ಲ. ಹಾಡು ಮುಗಿದ ಮನೆಯಲ್ಲಿ ಕೇಕು ತೆಗೆದುಕೊಂಡು, ಗೋಡೆ ನೋಡಿ, "ಆ ಗಡಿಯಾರದ ಸೆಲ್ ಒಂದು ಕೊಡುತ್ತೀರಾ?" ಎಂದರು. ಕ್ರಿಸ್‌ಮಸ್ ಹತ್ತಿರದಲ್ಲಿ ಇಲ್ಲ ಎನ್ನುವವರು ಯಾರು? ಮನೆಗೊಂದರಂತೆ ಆರು ಕೂಡಿದವು. ಗಡಿಯಾರದ ಸೆಲ್ ಗಡಿಯಾರ ನಡೆಸುವಷ್ಟೇ ಶಕ್ತಿಯದು. ಮೂರನೆಯ ಹಾಡಿಗೆ ನಾವು ಮತ್ತೆ ಗೋಡೆ ನೋಡತೊಡಗಿದೆವು.

ಇಪ್ಪತ್ತನಾಲ್ಕರ ರಾತ್ರಿಯ ಪೂಜೆಗೆ ಕೋಡಿಬಾಗದ ಹಲವು ಕುಟುಂಬಗಳು ಮೊದಲ ವಾಚನ ಮುಗಿದ ಮೇಲೆ ಬಂದವು. ಕೈಯಲ್ಲಿ ಮೊಬೈಲ್ ಇದ್ದರೂ ಹೊರಡುವ ಮುನ್ನ ಗೋಡೆ ನೋಡುವುದು ರೂಢಿ. ಪರಮಪ್ರಸಾದವಾದ ಮೇಲೆ ಅಜ್ಜಿಯೊಬ್ಬರು ಏದುಸಿರು ಬಿಡುತ್ತ ಮಹಡಿಯ ಮೆಟ್ಟಿಲು ಹತ್ತಿ ಬಂದು, ನನ್ನ ಮುಂದೆ ಅಂಗೈ ಚಾಚಿ, "ನನ್ನ ಸೆಲ್ ಕೊಡಪ್ಪ" ಎಂದರು. ಹಿಂದಿನ ಮುಚ್ಚಳ ತೆಗೆದು ತೋರಿಸಿದೆ. ಆರೂ ಸತ್ತಿವೆ ಎಂದು ಹೇಳಹೊರಟವನನ್ನು ಟೀಚರ್ ಕಣ್ಣಿನಲ್ಲಿಯೇ ತಡೆದರು. ಅಜ್ಜಿ ಒಂದೊಂದನ್ನೂ ದೀಪದ ಬೆಳಕಿಗೆ ಹಿಡಿದು ನೋಡಿ, ಎಲ್ಲಕ್ಕಿಂತ ಹೊಳೆಯುವುದನ್ನು ಆರಿಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು ಇಳಿದು ಹೋದರು.