ಗುಲಗಂಜಿ ಹುಳುವೂ ಸ್ಪ್ರೇ ಅಂಕಲ್ಲೂ

ಎಲೆಯ ಮೇಲೆ ಏನೇ ಹರಿದಾಡಿದರೂ ಸ್ಪ್ರೇ ಹೊಡೆಯುವ ಜನರನ್ನು ಟೆರೇಸಿಗೆ ಬಿಡಲೇಬಾರದು. ನಮ್ಮ ಬಿಲ್ಡಿಂಗಿನಲ್ಲಿ ಅಂಥವರೊಬ್ಬರಿದ್ದಾರೆ. ಮೂರನೇ ಮಹಡಿಯ ಅಂಕಲ್, ರಿಟೈರ್ಡ್ ಆಡಿಟರ್. ಬೆಳಿಗ್ಗೆ ಮಂಕಿ ಟೋಪಿ ಹಾಕಿ, ಬಾಟಲಿ ಹಿಡಿದು ಹಾಜರ್. ನಿಮ್ಮ ಕುಂಡ, ನಮ್ಮ ಕುಂಡ ಅನ್ನೋ ಭೇದವಿಲ್ಲ. ಬಾಟಲಿಯಲ್ಲಿ ಏನಿದೆ ಅಂತ ಕೇಳಿದರೆ, "ಏನಿಲ್ಲಮ್ಮ, ಬೇವಿನೆಣ್ಣೆ, ಸೋಪಿನ ನೀರು, ಆಮೇಲೆ ಅಂಗಡಿಯವನು ಕೊಟ್ಟಿದ್ದು ಒಂಚೂರು" ಅಂತಾರೆ. ಆ ಒಂಚೂರಿನದ್ದೇ ನನಗೆ ಭಯ.

ಮಗಳಿಗೆ ಶಾಲೆಯಿಂದ ಪ್ರಾಜೆಕ್ಟ್ ಬಂದಿತ್ತು. ಮಗುವಿಗೆ ಲೇಡಿಬಗ್ ತೋರಿಸಿ, ಫೋಟೊ ಕಳಿಸಿ. ಇಂಥ ಮೆಸೇಜು ನಿಮ್ಮನೆಗೂ ಭಾನುವಾರ ರಾತ್ರಿಯೇ ಬರುತ್ತೆ, ಅಲ್ವಾ? ಅವಳ ಬ್ಯಾಗಿನ ಮೇಲೆ ಲೇಡಿಬಗ್, ಹೇರ್‌ಕ್ಲಿಪ್ಪಿನಲ್ಲಿ ಲೇಡಿಬಗ್. ಎಲ್ಲದಕ್ಕೂ ನಗುವ ಬಾಯಿ, ಉದ್ದ ರೆಪ್ಪೆ.

ಪುಣ್ಯಕ್ಕೆ ನಮ್ಮ ಅವರೆ ಬಳ್ಳಿಗೆ ಕಪ್ಪು ಹೇನು ಹತ್ತಿತ್ತು. ಹೇನು ಹತ್ತಿದ್ದಕ್ಕೆ ಖುಷಿಪಟ್ಟ ತಾಯಿ ಬೆಂಗಳೂರಲ್ಲಿ ನಾನೊಬ್ಬಳೇ ಇರಬೇಕು. ಹೇನಿದ್ದ ಕಡೆ ಗುಲಗಂಜಿ ಹುಳು, ಅಂದರೆ ಇದೇ ಲೇಡಿಬಗ್, ಬಂದೇ ಬರುತ್ತೆ. ಅದರ ಮರಿ ಒಂದೊಂದೂ ನೂರಾರು ಹೇನು ತಿಂದು ಮುಗಿಸುತ್ತೆ. ಮೊದಲು ಸಿಕ್ಕಿದ್ದೂ ಮರಿಯೇ. ಕಪ್ಪು ಮೈ, ಮುಳ್ಳು ಮುಳ್ಳು, ಥೇಟ್ ಪುಟಾಣಿ ಮೊಸಳೆ. ಮಗಳು ಕಿರುಚಿ ಕೆಳಗೋಡಿ, ಸಾಕ್ಷಿಗೆ ಸ್ಕೂಲ್ ಬ್ಯಾಗನ್ನೇ ಹೊತ್ತು ತಂದಳು. "ಸುಳ್ಳು ಹೇಳ್ಬೇಡ, ಇಲ್ಲಿ ನೋಡು."

ಅಷ್ಟರಲ್ಲಿ ದೊಡ್ಡ ಹುಳುವೊಂದು ಕಂಡಿತು. ಅಂಕಲ್ ಬಾಟಲಿಯೂ ಮೇಲೆದ್ದಿತು. "ಬೇಡಿ ಅಂಕಲ್, ಇದು ಹೇನು ತಿನ್ನುತ್ತೆ!" ಅಂದೆ. ಅವರು ಬಿಡಬೇಕಲ್ಲ. "ನಮ್ಮ ಬದನೆ ಎಲೆನೆಲ್ಲ ಜಾಲರಿ ಮಾಡಿದ್ದು ಇದೇ ಜಾತಿ ಕಣಮ್ಮ." ಮಾತು ಸುಳ್ಳಲ್ಲ. ಬದನೆ ಎಲೆ ಕೆರೆದು ತಿನ್ನೋದೂ ಇದರ ನೆಂಟನೇ. ಅದಕ್ಕೆ 28 ಚುಕ್ಕೆ. "ಹಾಗಾದ್ರೆ ಎಣಿಸಿ ಹೊಡೀರಿ. 28 ಇದ್ರೆ ಮಾತ್ರ" ಅಂದುಬಿಟ್ಟೆ.

ಆಡಿಟರಿಗೆ ಎಣಿಸಿ ಅಂದರೆ ಮುಗೀತು. ಕನ್ನಡಕ ಬದಲಾಯಿಸಿಕೊಂಡು ಬಗ್ಗಿದರು. ನಮ್ಮ ಕಡೆ ಜಾಸ್ತಿ ಕಾಣೋ ಹುಳುವಿಗೆ ಬ್ಯಾಗಿನ ಮೇಲಿರುವಂತೆ ದುಂಡು ಚುಕ್ಕೆಗಳಿರೋದಿಲ್ಲ. ಒಂದೊಂದು ರೆಕ್ಕೆಗೆ ಎರಡು ಅಂಕುಡೊಂಕು ಗೆರೆ, ಹಿಂದೊಂದು ಚುಕ್ಕೆ. "ಗೆರೆನ ಚುಕ್ಕೆ ಲೆಕ್ಕಕ್ಕೆ ತಗೋಬೇಕಾ?" ಅಂದರು ಅಂಕಲ್. ಬೇಡ ಅಂದಳು ಮಗಳು. "ಹಾಗಾದ್ರೆ ಎರಡೇ ಆಯ್ತು, ಗೆರೆಗೆ ಬೇರೆ ಕಾಲಂ ಹಾಕೋಣ." ಹುಳು ಎಲೆಯಡಿಗೆ ಹೋಯಿತು. ಅಂಕಲ್ಲೂ ಕತ್ತು ತಿರುಗಿಸಿ ಹೋದರು. ಮತ್ತೆ ಮೊದಲಿಂದ. ಕೊನೆಗೆ ತಾಳ್ಮೆಗೆಟ್ಟು ಬೆರಳಲ್ಲಿ ಒತ್ತಿ ಹಿಡಿದರು. ಅದು ಕಾಲಿನ ಕೀಲಿಂದ ಹಳದಿ ರಸ ಬಿಟ್ಟು, ಕಾಲು ಮಡಚಿ ಸತ್ತಂತೆ ಬಿತ್ತು. ಮಗಳು ಅಳು. ಅಂಕಲ್ ಬೆರಳು ಮೂಸಿ, ಮುಖ ಕಿವುಚಿ, "ನಾನೇನೂ ಮಾಡಿಲ್ಲಮ್ಮ, ಟೋಟಲ್ ಮಾಡ್ತಿದ್ದೆ ಅಷ್ಟೇ" ಅಂದರು. ಸ್ವಲ್ಪ ಹೊತ್ತಿಗೆ ಹುಳು ಎದ್ದು, ಮೇಲಿನ ಚಿಪ್ಪು ಬಿಚ್ಚಿ ಹಾರಿಹೋಯಿತು. ಫೋಟೊದಲ್ಲಿ ಬಂದದ್ದು ಮಂಕಿ ಟೋಪಿ. ಅದನ್ನೇ ಕಳಿಸಿದೆ. ಟೀಚರ್ ಸ್ಟಾರ್ ಕೊಟ್ಟರು.

ಕೋಲಾರದ ಕಡೆ ಅಜ್ಜಿ ಮನೆ ಅವರೆ ಹೊಲದಲ್ಲಿ ನಮಗೆ ಈ ಹುಳುವನ್ನು ಯಾರೂ ಪರಿಚಯ ಮಾಡಿಸಲಿಲ್ಲ. ಕಾಯಿ ಬಿಡಿಸುವಾಗ ತಾನೇ ಕೈ ಹತ್ತುತ್ತಿತ್ತು. ಬೆರಳ ತುದಿವರೆಗೂ ನಡೆದು, ಅಲ್ಲಿಂದ ಹಾರುತ್ತಿತ್ತು. ಕೈ ತುಂಬ ಸೊಗಡಿನ ವಾಸನೆ. ಆಗ ಯಾರ ಹತ್ತಿರವೂ ಫೋನಿರಲಿಲ್ಲ.

ಇರಲಿ. ಆ ಮೊಸಳೆ ಮರಿ ಎಲೆಗಂಟಿ ಗೂಡಾಯಿತು. ಭಯ ಹೋಗಿ ಮಗಳು ದಿನಾ ಹಲ್ಲುಜ್ಜುತ್ತಲೇ ಟೆರೇಸಿಗೆ ಓಡುತ್ತಿದ್ದಳು. ಇವತ್ತು ನೋಡಿದರೆ ಗೂಡು ಖಾಲಿ, ಎಲೆ ಒದ್ದೆ. ಪಕ್ಕದಲ್ಲಿ ಅಂಕಲ್. ಗೂಡಿಂದ ಆಗಷ್ಟೇ ಬಂದ ಹುಳು ಬರೀ ಹಳದಿ. ಚುಕ್ಕೆ, ಗೆರೆ ಮೂಡೋಕೆ ಕೆಲವು ಗಂಟೆ ಬೇಕು.

"ಎಣಿಸಿ ಹೊಡೀರಿ ಅಂದಿದ್ದೆನಲ್ಲ ಅಂಕಲ್!"

"ಎಣಿಸೋಕೆ ಏನಾದ್ರೂ ಇರಬೇಕಲ್ಲಮ್ಮ. ಎಂಟ್ರಿನೇ ಇರಲಿಲ್ಲ, ರೈಟ್ ಆಫ್ ಮಾಡಿದೆ."